ಲೋನಿಯ ಕಿವಿಯ ಮೇಲಿನ ಗುರುತು

ಹಾರ್ಲನ್ಸ್ ಫೆರಿ, ಮಿಸಿಸಿಪ್ಪಿ
೧೯ ಸೆಪ್ಟೆಂಬರ್ ೧೯೭೪

ಪ್ರೀತಿಯ ಹೋಯ್ಟ್,

ಮೊಣಕಾಲು ಹೇಗಿದೆ? ಮೊಬೀಲ್‌ನ ಸಮುದ್ರದ ಗಾಳಿ ನಿನಗೆ ಆಗಿಬರುತ್ತಿಲ್ಲವೆಂದು ನಿನ್ನ ಅಕ್ಕ ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದಳು. ಮಲಗುವಾಗ ಉಣ್ಣೆಬಟ್ಟೆ ಸುತ್ತಿಕೋ. ನಾನು ಇದ್ದೇನೆ. ಅಂಜೂರದ ಮರ ಈ ವರ್ಷ ತುಂಬ ಹಣ್ಣು ಬಿಟ್ಟಿತು. ಎಲ್ಲವನ್ನೂ ಜಾಮ್ ಮಾಡಿ ಬಾಟಲಿಗೆ ತುಂಬಿದೆ. ತಿನ್ನುವವರು ಯಾರಿದ್ದಾರೆ ಎಂದು ಆಮೇಲೆ ಹೊಳೆಯಿತು.

ಸಿನಿಮಾದವರು ಮತ್ತೆ ಬಂದಿದ್ದಾರೆ. ಪೆಂಡ್ಲಿಯವರ ಅದೇ ಕಾದಂಬರಿ, ಈ ಸಲ ಬಣ್ಣದಲ್ಲಿ. ಅವರು ತೀರಿಕೊಂಡ ಮೇಲೆ ಅವರ ಪುಸ್ತಕಗಳೆಲ್ಲ ಒಂದೊಂದಾಗಿ ಚಿತ್ರವಾಗುತ್ತಿವೆ. ನಮ್ಮ ಅಡುಗೆಮನೆಯಲ್ಲಿ ಕೂತು, ನನ್ನ ಬಿಸ್ಕತ್ತು ತಿನ್ನುತ್ತಾ, ಲೋನಿ ಹೊಳೆಗೆ ಹೋದ ಬೆಳಗಿನ ವಿಷಯ ಕೇಳಿ ಕೇಳಿ ಬರೆದುಕೊಂಡಿದ್ದರಲ್ಲ, ಆಗ ಅದನ್ನು ಕನಿಕರವೆಂದುಕೊಂಡಿದ್ದೆ. ನೀನು ಹಿತ್ತಿಲಲ್ಲಿ ಸೌದೆ ಒಡೆಯುತ್ತಲೇ ಇದ್ದೆ. ನಮ್ಮ ಮಗ ಮುಳುಗಿದ್ದು ನೀರಿನಡಿ ಸಿಕ್ಕಿಕೊಂಡಿದ್ದ ಗಾಳದ ಹಗ್ಗ ಬಿಡಿಸಲು ಹೋಗಿ. ನೀನೇ ಕಳಿಸಿದ್ದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಅವನು ನಾಯಿಮರಿಯನ್ನು ಉಳಿಸಲು ಹೋದ. ಮೊದಲ ಚಿತ್ರದಲ್ಲಿ ನಾಯಿಮರಿಯ ಜಾಗಕ್ಕೆ ಹುಡುಗಿ ಬಂದಳು, ಅಪ್ಪ ಕುಡುಕನಾದ. ಒಂದು ಹನಿಯೂ ಮುಟ್ಟದ ನಿನ್ನ ತಲೆಯ ಮೇಲೆ ಚರ್ಚಿನ ಹಿರಿಯರು ಕೈಯಿಟ್ಟು, "ಬಾಟ್ಲಿ ಬಿಟ್ಬಿಡು ಹೋಯ್ಟ್, ದೇವ್ರು ಕ್ಷಮಿಸ್ತಾನೆ" ಎಂದು ಪ್ರಾರ್ಥಿಸಿದ ದಿನ ನೀನು ಊಟ ಮಾಡಲಿಲ್ಲ. ಆ ತಿಂಗಳೇ ಹೊರಟುಹೋದೆ. ಹದಿಮೂರು ವರ್ಷವಾಯಿತು. ನನಗೆ ಸಿಟ್ಟಿಲ್ಲ.

ಪಕ್ಕದ ಮನೆಯ ಓರಾ ಹಾಗೆಯೇ ಇದ್ದಾಳೆ. ಮೊನ್ನೆ ಬೇಲಿಯ ಹತ್ತಿರ ನಿಂತು, "ನಿಮ್ಮ ಲೋನಿ ಸತ್ತಿದ್ದಕ್ಕೆ ಥಿಯೇಟ್ರಲ್ಲಿ ಮೂರು ಸಲ ಅತ್ತಿದೀನಿ ಕಣೇ ವರ್ನಾ. ನಿಜವಾಗ್ಲೂ ಸತ್ತಾಗ ನಾನು ಊರಲ್ಲೇ ಇರ್ಲಿಲ್ಲ ನೋಡು!" ಎಂದಳು. ಅವನನ್ನು ಮಣ್ಣು ಮಾಡುವ ದೃಶ್ಯದಲ್ಲಿ ಅವಳೂ ನಿಲ್ಲುತ್ತಾಳಂತೆ. ಅದಕ್ಕೆಂದೇ ಹೊಸ ಟೋಪಿ ತಂದಿದ್ದಾಳೆ.

ಮಂಗಳವಾರ ಮೇಕಪ್ಪಿನ ಹೆಂಗಸು ಲೋನಿಯ ಪಾತ್ರದ ನಟನನ್ನು ಮನೆಗೆ ಕರೆತಂದಳು. ಒಳ್ಳೆಯವನು ಪಾಪ, ಬೂಟು ಒರೆಸಿಕೊಂಡು ಒಳಗೆ ಬಂದ. "ಕಿವಿ ಮೇಲೊಂದು ಗಾಯದ ಗುರುತು ಅಂತಷ್ಟೇ ಪುಸ್ತಕದಲ್ಲಿದೆ ಮೇಡಂ. ಯಾವ ಕಿವಿ?" ಎಂದು ಅವಳು ಕೇಳಿದಳು. ಎಡಗಿವಿ ಎಂದೆ. ಯೋಚಿಸಲೂ ಇಲ್ಲ. ಅವಳು ಅಲ್ಲೇ ಪೆಟ್ಟಿಗೆ ತೆರೆದು ಗುರುತು ಬರೆದಳು. "ಹಳೇ ಚಿತ್ರದಲ್ಲೂ ಎಡಗಡೇನೇ ಇತ್ತು. ಸರಿಹೋಯ್ತು ಬಿಡಿ" ಎಂದಳು. ನನ್ನ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟೆ.

ಅವರು ಹೋದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ, ನೀನು ಲೋನಿಯ ಕೂದಲು ಕತ್ತರಿಸುತ್ತಿದ್ದ ಜಾಗದಲ್ಲಿ. ಅವನು ಸೀನಿದ್ದು, ಕತ್ತರಿ ತಾಗಿದ್ದು, ನೀನು "ಅಯ್ಯೋ ಮಗನೇ" ಎಂದು ಕೂಗಿದ್ದು, ಎಲ್ಲ ನೆನಪಿದೆ. ರಕ್ತ ಒರೆಸಿದವಳು ನಾನೇ. ಆದರೆ ಅವನು ನನ್ನ ಕಡೆ ತಿರುಗಿದರೆ ಕಾಣುವುದು ಆ ಮೊದಲ ಚಿತ್ರದ ನಟನ ಮುಖ. "ಅಮ್ಮಾ" ಎನ್ನುವ ದನಿಯೂ ಆ ನಟನದೇ. ಫೋಟೋಗಳೆಲ್ಲ ಹೋದ ವರ್ಷದ ನೆರೆಯಲ್ಲಿ ಹೋದವು. ಎರಡು ದಿನದಿಂದ ಪ್ರಯತ್ನಿಸುತ್ತಿದ್ದೇನೆ, ನನ್ನ ಮಗ ಬರುತ್ತಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅಕ್ಕನನ್ನು ಕೇಳಿದೆನೆಂದು ಹೇಳು. ಜಾಮ್ ಕಳಿಸುತ್ತಿದ್ದೇನೆ, ಬಾಟಲಿ ಒಡೆಯದಿದ್ದರೆ ಸಾಕು.

ನಿನ್ನ
ವರ್ನಾ

ಮತ್ತೆ: ಈ ಊರಿನವರಲ್ಲಿ ಆ ಚಿತ್ರ ನೋಡದವನು ನೀನೊಬ್ಬನೇ. ಅಂದು ನೀನು ಥಿಯೇಟರಿನ ಬಾಗಿಲವರೆಗೆ ಬಂದು ಹೊರಗೇ ನಿಂತುಬಿಟ್ಟೆ. ಕತ್ತರಿ ಹಿಡಿದಿದ್ದವನೂ ನೀನೇ. ಯಾವ ಕಿವಿ, ಹೋಯ್ಟ್? ಇದು ಸಿನಿಮಾದವರಿಗಲ್ಲ, ನನಗೆ. ಬಲಗಿವಿಯಾಗಿದ್ದರೂ ಬರೆ, ಮುಚ್ಚಿಡಬೇಡ. ಮುಂದಿನ ಶುಕ್ರವಾರ ಆ ಹಳೆಯ ಚಿತ್ರವನ್ನು ಟೀವಿಯಲ್ಲಿ ತೋರಿಸುತ್ತಾರಂತೆ, ಮೊಬೀಲ್‌ನಲ್ಲೂ ಬರುತ್ತದಂತೆ. ಅಕ್ಕ ಟೀವಿ ಹಾಕಿದರೆ ನೀನು ಎದ್ದು ಹೊರಗೆ ಹೋಗು.