ಒಗೆದರೂ ಬರೆಯುವ ಪೆನ್ಸಿಲ್

ಅಣ್ಣಾ,

ನಲ್ಲಿ ರಿಪೇರಿ ಕೆಲಸಕ್ಕೆ ಹೊರಟೆ. ಒಲೆ ಮೇಲಿನ ಹಾಲು ಆರಿದ ಮೇಲೆ ಒಳಗಿಡು.

ಒಗೆಯುವಾಗ, ಅಳತೆ ಬರ್ಕೊಳ್ಳೋಕೆ ಇಟ್ಕೊಂಡಿದ್ದ ನನ್ನ ಜೇಬಿನ ಪೆನ್ನು ಸೋರಿ ನಿನ್ನ ಅಂಗಿಗಳೆಲ್ಲ ನೀಲಿಯಾದಾಗಿಂದ "ನಿನ್ನ ಬಟ್ಟೆ ನೀನೇ ಒಗ್ಕೋ" ಅಂತ ಹಾರಾಡ್ತಿದ್ದೀಯಲ್ಲ? ಗಿಡ್ಡ ಪೆನ್ನು ತಂದೆ, ಬಗ್ಗಿದಾಗ ಜಾರಿ ಮೋರಿಗೆ ಬಿತ್ತು. ಕೊನೆಗೆ ಪೆನ್ಸಿಲನ್ನೇ ಬೆರಳುದ್ದಕ್ಕೆ ಕೊಯ್ದು, ಮೊನೆಗೆ ಹಳೇ ಪೆನ್ನಿನ ಮುಚ್ಚಳ ಹಾಕಿದೆ. "ಮೋಟು ಪೆನ್ಸಿಲ್ ಮಹಾರಾಣಿ" ಅಂತ ನೀನು ಹಲ್ಲು ಕಿರಿದೆ.

ಈಗ ಹಿತ್ತಲಿನ ಹಗ್ಗದ ಮೇಲೆ ನೋಡು. ಆ ಪೆನ್ಸಿಲನ್ನ ನಿನ್ನ ನಾಳೆಯ ಇಂಟರ್‌ವ್ಯೂ ಅಂಗಿಯ ಜೇಬಿಗೇ ಹಾಕಿ ಒಗೆದಿದ್ದೀನಿ. ಕೂಗಾಡಬೇಡ, ಬಿಳಿ ಅಂಗಿ ಬಿಳಿಯಾಗೇ ಇದೆ!

ನನ್ನ ಬಟ್ಟೆ ಬುಟ್ಟಿ ಬಾಗಿಲ ಹಿಂದಿದೆ, ಇವತ್ತಿಂದ ಮತ್ತೆ ನಿನ್ನದೇ ಪಾಳಿ.

ಪೆನ್ಸಿಲ್ ಇನ್ನೂ ಆ ಜೇಬಲ್ಲೇ ಇದೆ. ತೆಗೆದು, ಈ ಚೀಟಿ ಹಿಂದೆ "ಸೋತೆ ತಂಗಿ" ಅಂತ ಬರೆದಿಡು. ಚೆನ್ನಾಗಿ ಬರೆಯುತ್ತೆ.