ಬ್ರೇಕ್ ಮುಟ್ಟಬೇಡ ಎಂದವರಿಗೆ

ಮನೆಯಿಂದ,
ಒಂಬತ್ತನೇ ತಾರೀಖು, ಗುರುವಾರ ಮಧ್ಯಾಹ್ನ

ಮನೆ ಯಜಮಾನರು ಎನಿಸಿಕೊಂಡವರಿಗೆ,

ನಿಮ್ಮ ಆರೋಗ್ಯ ಹೇಗಿದೆ? ಸೊಂಟನೋವು ಕಡಿಮೆಯಾಯಿತೇ? ಕೇಳುವುದು ಧರ್ಮ, ಕೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮನ ಎಡಗೈಗೆ ಪಟ್ಟಿ ಹಾಕಿದ್ದಾರೆ. ಮೂಳೆ ಮುರಿದಿಲ್ಲ, ಊಟ ತಿಂಡಿಗೆ ತೊಂದರೆಯಿಲ್ಲ. ಯಾಕೆ, ಏನು ಎಂಬುದನ್ನು ಮುಂದೆ ಬರೆಯುತ್ತೇನೆ, ಕೂತುಕೊಂಡು ಓದಿ. ಕೂತುಕೊಳ್ಳಿ ಎಂದದ್ದು ನಿಮ್ಮ ಸೊಂಟದ ಮೇಲಿನ ಕಾಳಜಿಗೆ ಎಂದುಕೊಳ್ಳಬೇಡಿ.

ಹೋದ ವಾರ ನಿಮ್ಮ ಕಾಗದ ಬಂತು. ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಸಿ ಬರುತ್ತೀರಂತೆ, ಮರುದಿನದಿಂದಲೇ ಪಿಕಪ್ ಗಾಡಿ ನೀವೇ ಓಡಿಸುತ್ತೀರಂತೆ, ಮನೆಮನೆಗೆ ನೀರಿನ ಕ್ಯಾನ್ ಹಾಕುವ ಕೆಲಸದಿಂದ ನನಗೆ ಬಿಡುಗಡೆಯಂತೆ. ಕೊನೆಗೊಂದು ಒಗ್ಗರಣೆ ಬೇರೆ: "ಅಷ್ಟರಲ್ಲಿ ನೀನು ಗಾಡೀನ ಕೆಡಿಸಿಟ್ಟಿರ್ತೀಯ." ಮೂರು ಲಕ್ಷ ಕಿಲೋಮೀಟರ್ ಓಡಿ ಸುಸ್ತಾದ ಗಾಡಿಯನ್ನು ಯಾರನ್ನೂ ಕೇಳದೆ ತಂದು ಬಾಗಿಲಲ್ಲಿ ನಿಲ್ಲಿಸಿ, ಹದಿನೈದೇ ದಿನದಲ್ಲಿ ದೂರದ ಕೆಲಸಕ್ಕೆ ಹೊರಟವರು ನೀವು. ಕೆಡಿಸುವುದಕ್ಕೆ ಅದರಲ್ಲಿ ನನಗೇನು ಉಳಿಸಿದ್ದಿರಿ? ಎಂಜಿನ್ ಆಯಿಲ್ ಟಾರಿನ ಹಾಗಿತ್ತು, ಬದಲಾಯಿಸಿದೆ. ರೇಡಿಯೇಟರಿನಲ್ಲಿ ಬರೀ ತುಕ್ಕು ನೀರು, ಮೂರು ಸಲ ತೊಳೆದೆ. ಏರ್ ಫಿಲ್ಟರ್ ಬಿಚ್ಚಿದರೆ ಒಳಗೊಂದು ಒಣಗಿದ ಹಲ್ಲಿ. ಫ್ಯಾನ್ ಬೆಲ್ಟ್ ಹಾಕುವುದನ್ನು ಮೂಲೆ ಗ್ಯಾರೇಜಿನ ಮೇಸ್ತ್ರಿ ಒಂದು ಸಲ ತೋರಿಸಿಕೊಟ್ಟರು, ಎರಡನೇ ಸಲ ನಾನೇ ಹಾಕಿದೆ. ನಾನು ಮುಟ್ಟದೆ ಬಿಟ್ಟದ್ದು ಬ್ರೇಕ್ ಒಂದನ್ನೇ. ಹೊರಡುವ ದಿನ ಬೂಟಿನ ಲೇಸು ಕಟ್ಟುತ್ತಾ ನೀವು ಹೇಳಿದ್ದಿರಿ: "ಬ್ರೇಕ್ ಎಲ್ಲಾ ಹೊಸದು ಹಾಕಿಸಿದೀನಿ. ಅದನ್ನ ಮಾತ್ರ ಮುಟ್ಟಬೇಡ." ಬ್ರೇಕ್ ಹಿಡಿದಾಗ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಹಳೇ ಗಾಡಿಯ ಚಾಳಿ ಎಂದುಕೊಂಡು ಸುಮ್ಮನಿದ್ದೆ. ಹದಿನಾಲ್ಕು ವರ್ಷದಲ್ಲಿ ನಿಮ್ಮ ಮಾತನ್ನು ನಾನು ಚಾಚೂ ತಪ್ಪದೆ ಕೇಳಿದ್ದು ಅದೊಂದೇ ಇರಬೇಕು.

ಸೋಮವಾರ ಬೆಳಿಗ್ಗೆ ಐವತ್ತು ತುಂಬಿದ ಕ್ಯಾನ್ ಹೇರಿಕೊಂಡು ಆಸ್ಪತ್ರೆಯ ಇಳಿಜಾರಿನಲ್ಲಿ ಇಳಿಯುತ್ತಿದ್ದೆ. ಪಕ್ಕದಲ್ಲಿ ಅತ್ತೆ. ಮನೆಯಲ್ಲಿ ಒಬ್ಬರಿಗೇ ಬೇಜಾರು ಅಂತ ದಿನಾ ಜೊತೆಗೆ ಬರುತ್ತಾರೆ. ಅರ್ಧ ಇಳಿದಾಗ ಪೆಡಲ್ ಒಮ್ಮೆಗೇ ನೆಲಕ್ಕೆ ಹೋಯಿತು. ಮತ್ತೆ ತುಳಿದೆ, ಏನೂ ಇಲ್ಲ. ಕೆಳಗೆ ಆಸ್ಪತ್ರೆಯ ಗೇಟು, ಗೇಟಿನಲ್ಲಿ ಗಾಲಿಕುರ್ಚಿ ತಳ್ಳುವವರು, ಚೀಟಿಗೆ ನಿಂತ ಜನ. ಗೇರ್ ಇಳಿಸಿದೆ, ಹ್ಯಾಂಡ್ ಬ್ರೇಕ್ ಎಳೆದೆ, ಹೊಸ ಕಟ್ಟಡದವರು ರಸ್ತೆ ಬದಿ ಸುರಿದಿದ್ದ ಮರಳ ಗುಡ್ಡೆಗೆ ಗಾಡಿ ನುಗ್ಗಿಸಿದೆ. ಕ್ಯಾನುಗಳು ಒಡೆದು ರಸ್ತೆಯೆಲ್ಲ ನೀರು. ಅತ್ತೆಯ ಕೈ ಡ್ಯಾಶ್‌ಬೋರ್ಡಿಗೆ ಬಡಿಯಿತು. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಲಿಲ್ಲ. ಕೆಳಗಿಳಿದು ಗೇಟಿನ ಜನರ ಮುಖ ನೋಡಿದ ಮೇಲೆ ಮರಳಿನ ಮೇಲೆ ಕೂತುಬಿಟ್ಟೆ.

ಗಾಡಿಯನ್ನು ಗ್ಯಾರೇಜಿಗೆ ಎಳೆಸಿದೆವು. ಮೇಸ್ತ್ರಿ ಹಿಂದಿನ ಎಡಚಕ್ರದ ಕೆಳಗೆ ತೂರಿದರು, ನಾನೂ ತೂರಿದೆ. ಆ ಚಕ್ರಕ್ಕೆ ಹೋಗುವ ಬ್ರೇಕ್ ಪೈಪನ್ನು ಕತ್ತರಿಸಿ, ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಬಡಿದು, ಮಡಿಸಿ, ಮೇಲೆ ಏನೋ ಸುತ್ತಿ ತಂತಿ ಬಿಗಿದಿತ್ತು. ಸೋರುವ ಚಕ್ರವನ್ನು ಬಿಟ್ಟು ಉಳಿದ ಮೂರರಲ್ಲಿ ಕಾಲ ತಳ್ಳುವ ಉಪಾಯ. ಮಡಿಕೆ ಬಿಚ್ಚಿಕೊಂಡು ಬ್ರೇಕ್ ಆಯಿಲೆಲ್ಲ ಸೋರಿಹೋಗಿತ್ತು. ಗಾಡಿ ಮಾರಿದವನ ಜನ್ಮ ಜಾಲಾಡಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಅತ್ತೆ ಆ ಸುತ್ತಿದ್ದನ್ನು ಒರೆಸಿ ನೋಡಿದರು. ಹಳದಿ ಹೂವು. ನಮ್ಮ ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆಯದೇ ಹೂವು. ನೀವು ಹೊರಡುವ ಹಿಂದಿನ ದಿನ ಅದರ ಮೂಲೆ ಮಾಯವಾಗಿತ್ತು, ಇಲಿ ಕಡಿದಿದೆ ಎಂದಿರಿ. ಪಾಪ, ಅತ್ತೆ ಒಂದು ತಿಂಗಳು ಬೋನು ಇಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಹೆಗ್ಗಣ ಅಷ್ಟರಲ್ಲಿ ರೈಲು ಹತ್ತಿತ್ತು.

ಪಾರ್ಟ್ ಬರುವುದಕ್ಕೆ ನಾಲ್ಕು ದಿನ ಎಂದು ಮೇಸ್ತ್ರಿ ಆಗಲೇ ನಿಮಗೆ ಹೇಳಿದ್ದರಂತೆ. ಬೇರೆ ಕಡೆ ಹಾಕಿಸುತ್ತೇನೆ ಎಂದು ಬಂದಿರಂತೆ. ಬ್ರೇಕ್ ಸರಿಯಿಲ್ಲ, ನಾಲ್ಕು ದಿನ ಗಾಡಿ ತೆಗೀಬೇಡ ಎಂದು ನನಗೆ ಒಂದು ಮಾತು ಹೇಳಲು ನಿಮ್ಮ ಗಂಟೇನು ಹೋಗುತ್ತಿತ್ತು? ಬೇಡದ ಗಾಡಿ ತಂದಿರಿ ಎಂದು ಆಡಿಕೊಳ್ಳುತ್ತೇನೆ ಅಂತ ಮುಚ್ಚಿಟ್ಟಿರಿ. ಆಡಿಕೊಳ್ಳುತ್ತಿದ್ದೆ, ಸುಳ್ಳೇಕೆ? ಆದರೆ ಹೆಂಡತಿ ಆಡಿಕೊಂಡರೆ ಯಾರೂ ಸಾಯುವುದಿಲ್ಲ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಸದ್ಯಕ್ಕೆ ಕ್ಷಮಿಸುವ ಯೋಚನೆಯೂ ಇಲ್ಲ. ಈ ಸಲ ಪಾರ್ಟ್ ಮೇಸ್ತ್ರಿಯ ಹತ್ತಿರವೇ ಇತ್ತು, ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಆಗಿದೆ, ಎರಡನ್ನು ನಾನೇ ಕೂಡಿಸಿದೆ. ನಿನ್ನೆ ಭಾರ ಹೇರಿಕೊಂಡೇ ಅದೇ ಇಳಿಜಾರು ಇಳಿದು ನೋಡಿದೆ, ನಿಲ್ಲಿಸಿದಲ್ಲಿ ನಿಂತಿತು. ಈ ಗಾಡಿ ನಾನು ಬಿಡುವವಳಲ್ಲ. ಆದರೂ ಮನೆಗೆ ಹಿರಿಯರು ಅತ್ತೆ, ನೀವು ಬಂದ ಮೇಲೆ ಅದು ಯಾರ ಕೈಗೆ ಎಂಬುದನ್ನು ಅವರೇ ಹೇಳಲಿ ಎಂದು ಬಿಟ್ಟಿದ್ದೇನೆ. ನಿಮ್ಮ ವಿರುದ್ಧ ಅವರ ಬಾಯಿಂದ ಇವತ್ತಿನವರೆಗೆ ಒಂದು ಮಾತು ಕೇಳಿದವಳಲ್ಲ ನಾನು. ಸೋಮವಾರದಿಂದ ಅವರು ಮಾತೇ ಆಡಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ, ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳಿ.

ಇಂತಿ,
ಬದುಕಿ ಉಳಿದ ನಿಮ್ಮ ಹೆಂಡತಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅತ್ತೆ ಬಂದು ಕಾಗದ ಪೂರ್ತಿ ಓದಿಸಿಕೊಂಡರು. ಎಲ್ಲೂ ತಡೆಯಲಿಲ್ಲ. ಕೊನೆಗೆ, "ನಾನು ಹೇಳಿದ ಹಾಗೇ ಬರಿ" ಎಂದರು, ಬರೆದಿದ್ದೇನೆ: "ಅವನು ಬಂದ್ರೆ ಹೊಟ್ಟೆ ತುಂಬ ಊಟ ಹಾಕು. ಗಾಡಿ ಕೀ ಮಾತ್ರ ಕೊಡಬೇಡ."