ಎತ್ತಿದಳೋ, ಎತ್ತಿಸಿದರೋ

ಗ್ರಿಮ್ಸ್‌ಬಿ
ಮೇ ೧೪, ೨೦೧೨

ಪ್ರೀತಿಯ ಡೆಸ್ಮಂಡ್,

ಹೇಗಿದ್ದೀಯ ಮಗನೇ? ಎದೆಯುರಿ ಕಡಿಮೆಯಾಯಿತೇ? ಲೀಡ್ಸ್‌ನ ದೊಡ್ಡ ಆಫೀಸಿಗೆ ಹೋದ ಮೇಲೆ ನೀನು ಹೊತ್ತಿಗೆ ಸರಿಯಾಗಿ ಉಣ್ಣದೆ ಬರೀ ಕಾಫಿ ಕುಡಿದುಕೊಂಡಿರುತ್ತೀಯ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ನನ್ನ ಮೊಣಕಾಲಿನ ನೋವು ಇದ್ದೇ ಇದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಪ್ಲಮ್ ಬ್ರೆಡ್ ಅಂಚೆಯಲ್ಲಿ ಕಳಿಸಿದ್ದೇನೆ, ಬೆಣ್ಣೆ ಹಚ್ಚಿ ತಿನ್ನು. ಜೊತೆಗೆ ಚೀಸ್ ಬೇಡ, ನಿನಗೆ ಆಗಿಬರುವುದಿಲ್ಲ. ಇನ್ನು ನಿನ್ನ ಪತ್ರದ ವಿಷಯ. ಸಿಟ್ಟು ಇಳಿದ ಮೇಲೆ ಉತ್ತರ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

"ಗೋಡೆ ಮೇಲಿದ್ದದ್ದು ಬರೀ ಇಂಗ್ಲಿಷ್ ಪಾಠದ ಅಭ್ಯಾಸ, ನಿಜವಾಗಿ ನಡೆದದ್ದಲ್ಲ ಅಂತ ಪೇಪರಿನವರಿಗೆ ಎರಡು ಸಾಲು ಬರೆದುಬಿಡಮ್ಮ" ಎಂದಿದ್ದೀಯ. ಬರೆಯುವುದಿಲ್ಲ. ಇನ್ನೊಂದು ಸಲ ಕೇಳಬೇಡ.

ಈ ಪಾಠವನ್ನು ನಾನು ಮೈಮೇಲೆ ಎಳೆದುಕೊಂಡವಳಲ್ಲ. ಮೀನಿನ ಫ್ಯಾಕ್ಟರಿಯಲ್ಲಿ ನಿನ್ನ ಮ್ಯಾನೇಜರ್ ಜಾಗಕ್ಕೆ ಬಂದ ಪಿಕ್ಕರಿಂಗ್ ಸಾಹೇಬರೇ ನಮ್ಮ ಮನೆ ಬಾಗಿಲಿಗೆ ಬಂದು, "ಮೇಡಂ, ನಮ್ಮ ಮೀನು ಕತ್ತರಿಸೋರಿಗೆ ಸ್ವಲ್ಪ ಇಂಗ್ಲಿಷ್ ಕಲಿಸಿಕೊಡಿ, ಪುಸ್ತಕದ್ದು ಬೇಡ, ಫ್ಯಾಕ್ಟರಿಯಲ್ಲಿ ದಿನಾ ಆಗೋ ಮಾತನ್ನೇ ಕಲಿಸಿ" ಎಂದು ಕೇಳಿಕೊಂಡವರು. ಹಾಗೇ ಕಲಿಸಿದೆ. ಕಳೆದ ತಿಂಗಳು ಒಬ್ಬರು ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡಿಸುವ ಕ್ರಿಯಾಪದಗಳು ಬಂದವು. ಮೇಕ್ ಎಂದರೆ ಬೇಡವೆಂದರೂ ಮಾಡಿಸುವುದು, ಗೆಟ್ ಎಂದರೆ ಪುಸಲಾಯಿಸಿ ಮಾಡಿಸುವುದು, ಹ್ಯಾವ್ ಎಂದರೆ ಹೇಳಿ ಮಾಡಿಸುವುದು, ಲೆಟ್ ಎಂದರೆ ಮಾಡಲು ಬಿಡುವುದು. ಒಬ್ಬರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಉಳಿದವರಿಂದ ನಾಲ್ಕು ಬಗೆಯಲ್ಲೂ ಆ ಕಿಟಕಿ ತೆಗೆಸಿದೆ. ಪಾಠ ನಡೆಯುತ್ತಿದ್ದ ಚಾಪೆಲ್ಲಿನ ಹಾಲ್ ತುಂಬ ನಗು. ಪೋಲೆಂಡಿನ ಝ್ಬಿಗ್‌ನೆವ್ ಏನು ಬರೆದ ಗೊತ್ತೇ? "ನನ್ನ ಹೆಂಡತಿ ನನ್ನಿಂದ ಸಿಗರೇಟು ಬಿಡಿಸಿದಳು. ಬಿಟ್ಟೆ ಅಂತ ಅವಳು ನಂಬಿಕೊಂಡಿದ್ದಾಳೆ, ನಾನೂ ನಂಬಲು ಬಿಟ್ಟಿದ್ದೇನೆ." ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ವೈದಾ ನಗಲಿಲ್ಲ. ಲಿಥುವೇನಿಯಾದ ಹುಡುಗಿ, ಗೊತ್ತಲ್ಲ ನಿನಗೆ? ಚೆನ್ನಾಗಿಯೇ ಗೊತ್ತಿರಬೇಕು. ಚಳಿಗಾಲದಲ್ಲಿ, ನೀನಿನ್ನೂ ಇಲ್ಲಿದ್ದಾಗ, ಐದು ತಿಂಗಳ ಬಸುರಿಯಾಗಿ ಐಸ್ ತುಂಬಿದ ಪೆಟ್ಟಿಗೆ ಎತ್ತುತ್ತಾ ನೆಲಕ್ಕೆ ಬಿದ್ದವಳು. ಆಸ್ಪತ್ರೆಯವರು ಮಗುವನ್ನು ಉಳಿಸಿದರು, ಫ್ಯಾಕ್ಟರಿಯವರು ಕೆಲಸ ಕಿತ್ತುಕೊಂಡರು. ಕಾರಣ ಏನಂತೆ? ಬಸುರಿಯರು ಭಾರ ಎತ್ತಬಾರದು ಎಂಬ ನಿಯಮವಿದ್ದರೂ ಇವಳು ತಾನಾಗಿಯೇ ಎತ್ತಿದಳಂತೆ! ಅಯ್ಯೋ, ಯಾವ ಬಸುರಿ ಬೇಜಾರು ಕಳೆಯಲು ಐಸ್ ಪೆಟ್ಟಿಗೆ ಎತ್ತುತ್ತಾಳೋ? ಕೆಲಸ ಹೋಗಿದ್ದರೂ ಅವಳು ಪಾಠಕ್ಕೆ ಬರುತ್ತಿದ್ದಳು. ಅವತ್ತು ತುಂಬ ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದು ಒಂದೇ ಸಾಲು ಬರೆದಳು: ಬೇಡ ಅಂದರೂ ನನ್ನ ಕೈಯಲ್ಲಿ ಪೆಟ್ಟಿಗೆ ಎತ್ತಿಸಿದರು. "ಸರೀನಾ ಟೀಚರ್?" ಎಂದು ಕೇಳಿದಳು. ಸರಿ ಎಂದೆ. ದಪ್ಪ ಅಕ್ಷರದಲ್ಲಿ ಬರೆಸಿ ಎಲ್ಲರದರ ಜೊತೆಗೆ ಗೋಡೆಗೆ ಅಂಟಿಸಿದೆ.

ಆಮೇಲಿನದು ನಿಮ್ಮವರೇ ಮಾಡಿಕೊಂಡದ್ದು. ಪಾಠದ ಮೊದಲ ಸುತ್ತು ಮುಗಿದದ್ದಕ್ಕೆ ಇಟ್ಟ ಟೀ ಕೂಟಕ್ಕೆ ಪೇಪರಿನ ಫೋಟೋದವನನ್ನು ಕರೆಸಿದ್ದು ಪಿಕ್ಕರಿಂಗ್. ನಮ್ಮ ಜನ ಇಂಥ ಕೂಟಗಳಲ್ಲಿ ಹೇಗಿರುತ್ತಾರೆಂದು ನೀನೂ ನೋಡಿದ್ದೀಯ. ಕೈಯಲ್ಲಿ ಕಪ್ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತಾ ಪ್ರತಿ ಹಾಳೆಗೂ "ಆಹಾ, ಎಷ್ಟು ಚೆನ್ನಾಗಿದೆ!" ಎನ್ನುವುದು, ಒಂದನ್ನೂ ಓದದಿರುವುದು. ಪಿಕ್ಕರಿಂಗ್ ವೈದಾಳ ಹಾಳೆಯ ಮುಂದೆ ನಿಂತು, "ಎಷ್ಟು ದುಂಡಗಿನ ಅಕ್ಷರ ನೋಡ್ರಿ!" ಎಂದು ಹೊಗಳಿ, ಅದರ ಮೇಲೇ ಬೆರಳಿಟ್ಟು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಮೇ ಮೂರರ ಗುರುವಾರ ಪೇಪರಿನಲ್ಲಿ ಅರ್ಧ ಪುಟ ಬಂತು, ಒಂದೊಂದು ಅಕ್ಷರವೂ ಕಾಣುವ ಹಾಗೆ. ಮೀನಿನ ಅಂಗಡಿಯಲ್ಲಿ ಕ್ಯೂ ನಿಂತವರೆಲ್ಲ ಕನ್ನಡಕ ಹಾಕಿಕೊಂಡು ಓದಿದರು.

ಈಗ ಅದು ಅಭ್ಯಾಸದ ವಾಕ್ಯ ಎಂದು ನಾನು ಬರೆದುಕೊಟ್ಟರೆ ನೀವೆಲ್ಲ ಪಾರು, ಅವಳೊಬ್ಬಳು ಸುಳ್ಳಿ. ಅವಳು ದೂರು ಕೊಟ್ಟಿರುವ ಕಾರ್ಮಿಕ ನ್ಯಾಯಮಂಡಳಿಯಲ್ಲಿ ಅವಳ ಟೀಚರಿನ ಪತ್ರವನ್ನೇ ಅವಳ ಮುಖಕ್ಕೆ ಹಿಡಿಯುತ್ತಾರೆ. ಅಷ್ಟು ದಡ್ಡಿಯಲ್ಲ ನಿನ್ನ ಅಮ್ಮ. "ಬರೆಯದಿದ್ದರೆ ಕ್ಲಾಸ್ ನಿಲ್ಲಿಸಬೇಕಾಗುತ್ತದೆ" ಎಂದು ಪಿಕ್ಕರಿಂಗ್ ಮೆತ್ತಗೆ ಹೆದರಿಸಿ ನೋಡಿದರು. ನಿಲ್ಲಿಸಿ ಎಂದೆ. ಕಳೆದ ಬುಧವಾರದಿಂದ ಪಾಠ ನನ್ನ ಅಡುಗೆಮನೆಯಲ್ಲಿ ನಡೆಯುತ್ತಿದೆ. ಕುರ್ಚಿ ಸಾಲದೆ ಝ್ಬಿಗ್‌ನೆವ್ ಬಟ್ಟೆ ಒಗೆಯುವ ಮಷೀನಿನ ಮೇಲೆ ಕೂರುತ್ತಾನೆ. ಗೋಡೆಯಲ್ಲಿದ್ದ ಹಾಳೆಗಳೆಲ್ಲ ಈಗ ನನ್ನ ಬೀದಿ ಕಡೆಯ ಕಿಟಕಿಯಲ್ಲಿವೆ. ಯಾರು ತೆಗೆಸುತ್ತಾರೋ ನೋಡೇಬಿಡುತ್ತೇನೆ.

ನಿನ್ನ ಪತ್ರದಲ್ಲಿ ನನಗೆ ಚುಚ್ಚಿದ್ದು ಒಂದೇ ಮಾತು. "ಆ ದಿನ ಜನ ಕಡಿಮೆಯಿದ್ದರು, ಹಾಗಾಗಿ ಹಾಗೆ ಆಯಿತು" ಎಂದಿದ್ದೀಯ. ಏನು ತಾನಾಗಿ ಆಯಿತೋ? ಹಡಗುಕಟ್ಟೆಯಲ್ಲಿ ಕ್ರೇನಿನ ಹಗ್ಗ ಕಡಿದು ನಿನ್ನ ಅಪ್ಪನ ಕಾಲು ಹೋದಾಗಲೂ ಕಂಪನಿಯವರು ಹೀಗೇ ಬರೆದಿದ್ದರು, ಅವಘಡ ಸಂಭವಿಸಿತು ಎಂದು. ನಿನಗಾಗ ಒಂಬತ್ತು ವರ್ಷ. "ಸಂಭವಿಸಿತು ಅಂದ್ರೆ ಯಾರು ಮಾಡಿದ್ದಮ್ಮ?" ಎಂದು ಸಿಟ್ಟಿನಿಂದ ಕಾಲು ನೆಲಕ್ಕೆ ಬಡಿದಿದ್ದೆ. ಆ ನನ್ನ ಮಗನ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೋ, ಈ ಪತ್ರ ಬರೆದವನನ್ನು ನೆನೆದರೆ ಅಷ್ಟೇ ನಾಚಿಕೆಯಾಗುತ್ತದೆ. ಹಾಗೆಂದು ನೀನು ನನಗೆ ಬೇಡವಾದೆ ಎಂದುಕೊಳ್ಳಬೇಡ. ಬೈಯುವುದು ನೀನು ನನ್ನವನೆಂದೇ.

ಸೊಸೆಗೂ ಮಕ್ಕಳಿಗೂ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹಟಮಾರಿ ಅಮ್ಮ,
ನೋರೀನ್

ಮ.ಬಿ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಬರುವ ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ, ವೈದಾಳ ಪಕ್ಕದಲ್ಲಿ ನಾನು ಕೂರುತ್ತೇನೆ. ಹೇಳಿಕೆ ಬರೆಯುವಾಗ ಅವಳು, "ಎತ್ತಿಸಿದ್ದು ಯಾರು ಅಂತ ಬರೆಯಲ್ಲ ಟೀಚರ್, ಅವರು ನಿಮ್ಮ ಮಗ" ಎಂದು ಪೆನ್ನು ಕೆಳಗಿಟ್ಟಳು. ನಾನು ಬಿಡಲಿಲ್ಲ, ಡೆಸ್ಮಂಡ್. ನಿನ್ನ ಹೆಸರನ್ನು ನಾನೇ ಬರೆಸಿದೆ.